ಒಂದೇ ಕಾಲೇಜಿಗೆ ಎರಡು ನಂಬರ್ ಹೇಗೆ?

ಮೇ, ಜೂನ್ ತಿಂಗಳು ಬಂತೆಂದರೆ ಬೊಮ್ಮನಹಳ್ಳಿಯ ಗಲ್ಲಿಗಳಲ್ಲಿ ಮಾತಿನ ವಿಷಯವೇ ಬದಲಾಗುತ್ತದೆ. ವರ್ಷವಿಡೀ ನೀರಿನ ಟ್ಯಾಂಕರು, ಗಾರ್ಮೆಂಟ್ಸಿನ ಓವರ್‌ಟೈಮು, ಮನೆ ಬಾಡಿಗೆ ಎಂದು ಮಾತಾಡುವ ಹೆಂಗಸರು ಆಗ ಸಿಇಟಿ, ಕಟಾಫ್, ಸೀಟು, ರ‍್ಯಾಂಕು ಎನ್ನತೊಡಗುತ್ತಾರೆ. ಮಕ್ಕಳು ಪಿಯುಸಿ ಮುಗಿಸಿದ ಮನೆಗಳಿಗೆ ನೆಂಟರು ಹೆಚ್ಚು ಬರುತ್ತಾರೆ. ಸಲಹೆ ಕೊಡುವವರಿಗಂತೂ ಬರವೇ ಇರುವುದಿಲ್ಲ.

2025ರ ಜುಲೈ ತಿಂಗಳ ಒಂದು ಸಂಜೆ ನಮ್ಮ ನೆರೆಯ ಮನೆಯಲ್ಲಿ ನಡೆದ ಮಾತು ನನಗೆ ಮರೆಯದು. ಮನೆಯ ಯಜಮಾನರು ಹೊಸೂರು ರಸ್ತೆಯ ಗಾರ್ಮೆಂಟ್ ಫ್ಯಾಕ್ಟರಿಯೊಂದರಲ್ಲಿ ಕಟಿಂಗ್ ಮಾಸ್ಟರ್. ಮನೆಯಾಕೆ ಓದಿದ್ದು ಏಳನೆಯ ತರಗತಿ. ಮನೆಯಲ್ಲೇ ಬ್ಲೌಸು, ಬುರ್ಖಾ ಹೊಲಿಯುತ್ತಾರೆ. ಮಗಳು ಓದಿನಲ್ಲಿ ಚುರುಕು, ಅದರಲ್ಲೂ ರಸಾಯನಶಾಸ್ತ್ರವೆಂದರೆ ಪ್ರಾಣ. ಅವಳ ಮುಂದೆ ಎರಡು ದಾರಿಗಳಿದ್ದವು. ಒಂದು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ಹಿರಿಯರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಐಐಎಸ್‌ಸಿಯಲ್ಲಿ ನಾಲ್ಕು ವರ್ಷದ ಬಿ.ಎಸ್. ಇನ್ನೊಂದು, ನಗರದ ಹೆಸರುವಾಸಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿಇಟಿ ಮೂಲಕ ಕಂಪ್ಯೂಟರ್ ಸೈನ್ಸ್.

ಚಹಾ ಕುಡಿಯುತ್ತಾ ಹುಡುಗಿಯ ಮಾಮು ಹೇಳಿದರು: "ಇನ್ನೇನು ಯೋಚನೆ? ಐಐಎಸ್‌ಸಿ ಇಡೀ ದೇಶಕ್ಕೇ ನಂಬರ್ ಒನ್ ವಿಶ್ವವಿದ್ಯಾಲಯ."

ಫೂಫಾ ತಮ್ಮ ಮೊಬೈಲು ತೋರಿಸಿದರು: "ಯಾವ ನಂಬರ್ ಒನ್? ಇಲ್ಲಿ ನೋಡಿ, ಪ್ರಪಂಚದಲ್ಲಿ 219. ನಮ್ಮ ದೇಶದ ನಾಲ್ಕು ಐಐಟಿಗಳು ಅದಕ್ಕಿಂತ ಮೇಲಿವೆ."

ಬಾಗಿಲ ಬಳಿ ನಿಂತಿದ್ದ ತಾಯಿ ಮೆಲ್ಲಗೆ ಕೇಳಿದರು: "ಭಾಯ್, ಒಂದೇ ಕಾಲೇಜಿಗೆ ಎರಡು ನಂಬರ್ ಹೇಗೆ?"

ಯಾರ ಬಳಿಯೂ ಉತ್ತರ ಇರಲಿಲ್ಲ. ಏಳನೆಯ ತರಗತಿ ಓದಿದ ಆ ತಾಯಿ ಕೇಳಿದ ಪ್ರಶ್ನೆ ನಾವೆಲ್ಲರೂ ಕೇಳಬೇಕಾದದ್ದು. ಏಕೆಂದರೆ ಇಂದು ನಮ್ಮ ಮಕ್ಕಳ ನಾಲ್ಕು ವರ್ಷ, ನಮ್ಮ ಇಡೀ ಉಳಿತಾಯ, ಕೆಲವೊಮ್ಮೆ ಮನೆಯ ಹೆಣ್ಮಕ್ಕಳ ಒಡವೆಯೂ ಈ ನಂಬರುಗಳ ಮೇಲೆ ತೀರ್ಮಾನವಾಗುತ್ತಿದೆ.

ತಕ್ಕಡಿ ಬೇರೆ, ತೂಕ ಬೇರೆ

ಮಾಮು, ಫೂಫಾ ಇಬ್ಬರೂ ಹೇಳಿದ್ದು ನಿಜವೇ. ಮಾಮು ಹೇಳಿದ್ದು ಕೇಂದ್ರ ಸರಕಾರದ ಎನ್‌ಐಆರ್‌ಎಫ್ ಪಟ್ಟಿಯ ಮಾತು. 2015ರಲ್ಲಿ ಈ ವ್ಯವಸ್ಥೆ ಘೋಷಣೆಯಾಗಿ 2016ರಲ್ಲಿ ಮೊದಲ ಪಟ್ಟಿ ಹೊರಬಂತು. ಅಂದಿನಿಂದ 2025ರವರೆಗೂ ವಿಶ್ವವಿದ್ಯಾಲಯಗಳ ವಿಭಾಗದಲ್ಲಿ ಐಐಎಸ್‌ಸಿಯದೇ ಮೊದಲ ಸ್ಥಾನ. ಆದರೆ ಅದೇ ಎನ್‌ಐಆರ್‌ಎಫ್‌ನ ಒಟ್ಟಾರೆ ವಿಭಾಗದಲ್ಲಿ 2019ರಿಂದ 2025ರವರೆಗೆ ಮೊದಲು ಬಂದದ್ದು ಐಐಟಿ ಮದ್ರಾಸ್. ಅಂದರೆ ಒಂದೇ ಪಟ್ಟಿಯೊಳಗೂ ಎರಡು ನಂಬರ್!

ಫೂಫಾ ತೋರಿಸಿದ್ದು ಕ್ಯೂಎಸ್ ಎಂಬ ಲಂಡನ್ ಕಂಪನಿಯ ಪಟ್ಟಿ. ಇಂತಹ ಜಾಗತಿಕ ಪಟ್ಟಿಗಳು ಬಹಳ ಹಳೆಯವೇನಲ್ಲ. ಚೀನಾದ ಶಾಂಘೈ ಜಿಯಾವೊ ಟಾಂಗ್ ವಿಶ್ವವಿದ್ಯಾಲಯ 2003ರಲ್ಲಿ ಇಂತಹದೊಂದು ಪಟ್ಟಿ ತಂದಿತು. ಮರುವರ್ಷವೇ ಕ್ಯೂಎಸ್ ಹಾಗೂ ಟೈಮ್ಸ್ ಹೈಯರ್ ಎಜುಕೇಶನ್ ಸೇರಿ ಇನ್ನೊಂದು ತಂದವು. ಮುಂದೆ ಅವೂ ಬೇರೆಯಾಗಿ ಎರಡು ಪಟ್ಟಿಗಳಾದವು. ಪ್ರತಿಯೊಬ್ಬರ ಬಳಿಯೂ ಒಂದೊಂದು ತಕ್ಕಡಿ.

ತಕ್ಕಡಿ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಬೆಂಗಳೂರಿನ ಐಐಎಸ್‌ಸಿಯೇ ಉದಾಹರಣೆ. ಅಲ್ಲಿನ ಅಧ್ಯಾಪಕರ ಸಂಶೋಧನಾ ಲೇಖನಗಳನ್ನು ಜಗತ್ತಿನ ಇತರ ವಿಜ್ಞಾನಿಗಳು ಎಷ್ಟು ಬಾರಿ ಉಲ್ಲೇಖಿಸುತ್ತಾರೆ ಎಂಬ ಅಳತೆಯಲ್ಲಿ, 2021ರಲ್ಲಿ ಪ್ರಕಟವಾದ ಕ್ಯೂಎಸ್ ಪಟ್ಟಿಯಲ್ಲಿ ಅದಕ್ಕೆ ನೂರಕ್ಕೆ ನೂರು ಅಂಕ ಬಂದಿತ್ತು. 2022ರಲ್ಲಿ ಅದರ ಸ್ಥಾನ 155. 2023ರ ಜೂನ್‌ನಲ್ಲಿ ಕ್ಯೂಎಸ್ ತನ್ನ ಲೆಕ್ಕಾಚಾರವನ್ನೇ ಬದಲಿಸಿತು. ಅಧ್ಯಾಪಕರ ಸಂಖ್ಯೆಗೆ ಕೊಡುತ್ತಿದ್ದ ತೂಕವನ್ನು ಶೇ. 20ರಿಂದ 10ಕ್ಕೆ ಇಳಿಸಿತು. ಉದ್ಯೋಗದಾತರ ಅಭಿಪ್ರಾಯದ ತೂಕವನ್ನು ಶೇ. 10ರಿಂದ 15ಕ್ಕೆ ಏರಿಸಿತು. ಇನ್ನೂ ಮೂರು ಹೊಸ ಅಳತೆಗಳನ್ನು ಸೇರಿಸಿತು. ಐಐಎಸ್‌ಸಿ 155ರಿಂದ 225ಕ್ಕೆ ಜಾರಿತು. ಅದೇ ವರ್ಷ ಐಐಟಿ ಬಾಂಬೆ 172ರಿಂದ 149ಕ್ಕೆ ಏರಿತು.

ಒಂದು ವರ್ಷದಲ್ಲಿ ಎಪ್ಪತ್ತು ಸ್ಥಾನ ಕುಸಿಯುವಷ್ಟು ಐಐಎಸ್‌ಸಿಯಲ್ಲಿ ಏನಾಯಿತು? ಅದೇ ಪ್ರಯೋಗಾಲಯ, ಅದೇ ಗ್ರಂಥಾಲಯ, ಅದೇ ಅಧ್ಯಾಪಕರು, ಅದೇ ಮರಗಳು. ಬದಲಾದದ್ದು ಲೆಕ್ಕ ಹಾಕುವ ರೀತಿ.

ಹೆಸರು ಹೆಸರನ್ನೇ ಸಾಕುತ್ತದೆ

ಇನ್ನೊಂದು ಸಂಗತಿಯನ್ನು ಗಮನಿಸಿ. ಆ ಬದಲಾವಣೆಯ ನಂತರವೂ ಕ್ಯೂಎಸ್ ಪಟ್ಟಿಯಲ್ಲಿ ನೂರರಲ್ಲಿ 30 ಪಾಲು 'ಅಕಾಡೆಮಿಕ್ ಖ್ಯಾತಿ'ಗೆ ಸಲ್ಲುತ್ತದೆ. ಅದಕ್ಕೆ ಮೊದಲು 40 ಪಾಲು ಇತ್ತು. ಜಗತ್ತಿನ ಪ್ರಾಧ್ಯಾಪಕರನ್ನು "ನಿಮ್ಮ ಪ್ರಕಾರ ಯಾವುದು ಒಳ್ಳೆಯ ವಿಶ್ವವಿದ್ಯಾಲಯ?" ಎಂದು ಕೇಳಿ ಬರುವ ಅಂಕ ಅದು. ಅದಾಗಲೇ ಹೆಸರಿರುವವರನ್ನೇ ಜನ ಹೆಸರಿಸುತ್ತಾರೆ. ಅದರಿಂದ ಅವರ ಸ್ಥಾನ ಏರುತ್ತದೆ. ಸ್ಥಾನ ಏರಿದ್ದರಿಂದ ಇನ್ನಷ್ಟು ಹೆಸರು ಬರುತ್ತದೆ. ನಮ್ಮ ಎನ್‌ಐಆರ್‌ಎಫ್‌ನಲ್ಲೂ ಜನಾಭಿಪ್ರಾಯಕ್ಕೆ 10 ಪಾಲು ಇದೆ. ಉಳಿದಂತೆ ಬೋಧನೆ ಮತ್ತು ಸಂಪನ್ಮೂಲಕ್ಕೆ 30, ಸಂಶೋಧನೆಗೆ 30, ಪದವಿಯ ಫಲಿತಾಂಶಕ್ಕೆ 20, ಮಹಿಳೆಯರು ಹಾಗೂ ಬಡವರ್ಗದವರ ಒಳಗೊಳ್ಳುವಿಕೆಗೆ 10. ಇದು ವಿಶ್ವವಿದ್ಯಾಲಯಗಳ ಲೆಕ್ಕ; ಕಾಲೇಜುಗಳ ವಿಭಾಗದಲ್ಲಿ ತೂಕ ಬೇರೆ.

ಕೆಲವು ಒಳ್ಳೆಯ ಸಂಸ್ಥೆಗಳು ಈ ತಕ್ಕಡಿಗಳಿಗೆ ಸಿಗುವುದೇ ಇಲ್ಲ. ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯನ್ನು ತೆಗೆದುಕೊಳ್ಳಿ. ಎನ್‌ಐಆರ್‌ಎಫ್ 2018ರಲ್ಲಿ ಕಾನೂನು ವಿಭಾಗ ಶುರು ಮಾಡಿದಂದಿನಿಂದ 2025ರವರೆಗೂ ಅದೇ ಪ್ರಥಮ. ಆದರೆ ವಿಜ್ಞಾನ ಲೇಖನಗಳನ್ನು ಎಣಿಸುವ ಜಾಗತಿಕ ಪಟ್ಟಿಗಳಲ್ಲಿ ಮುಖ್ಯವಾಗಿ ಒಂದೇ ವಿಷಯ ಕಲಿಸುವ ಶಾಲೆಗೆ ಜಾಗ ಸಿಗುವುದು ಕಷ್ಟ. ಮೈಸೂರು ರಸ್ತೆಯಲ್ಲಿರುವ ಭಾರತೀಯ ಸಾಂಖ್ಯಿಕ ಸಂಸ್ಥೆಯ ಬೆಂಗಳೂರು ಕೇಂದ್ರದಲ್ಲಿ ಗಣಿತದ ಪದವಿ ಇದೆ. ಬೋಧನಾ ಶುಲ್ಕ ಪಡೆಯದೆ, ಮೇಲಾಗಿ ವಿದ್ಯಾರ್ಥಿವೇತನವನ್ನೂ ಕೊಡುತ್ತಾ ಬಂದ ಸಂಸ್ಥೆ ಅದು. ಗಣಿತಜ್ಞರ ವಲಯದಲ್ಲಿ ಅದಕ್ಕಿರುವ ಗೌರವ ದೊಡ್ಡದು. ನಮ್ಮ ಗಲ್ಲಿಗಳಲ್ಲಿ ಹೆಸರು ಕೇಳಿದವರೇ ಕಡಿಮೆ.

ಕೆ.ಆರ್. ವೃತ್ತದಲ್ಲಿರುವ ಯುವಿಸಿಇಯನ್ನು ಸರ್ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಸ್ಥಾಪಿಸಿದರು. ಹಳೆಯ ಕಟ್ಟಡ, ಸರಕಾರಿ ಶುಲ್ಕ. ವಿಜ್ಞಾನಿ ರೊದ್ದಂ ನರಸಿಂಹ ಅವರು 1953ರಲ್ಲಿ ಇಂಜಿನಿಯರಿಂಗ್ ಪದವಿ ಪಡೆದದ್ದು ಅಲ್ಲೇ. ಐಐಎಸ್‌ಸಿಗೆ ಹೋದದ್ದು ಆಮೇಲೆ. ನಮ್ಮ ಸಮುದಾಯಕ್ಕೆ ಹತ್ತಿರದ ಹೆಸರುಗಳನ್ನೂ ನೋಡೋಣ. ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ 2022, 2023 ಮತ್ತು 2024ರಲ್ಲಿ ಎನ್‌ಐಆರ್‌ಎಫ್ ವಿಶ್ವವಿದ್ಯಾಲಯಗಳ ವಿಭಾಗದಲ್ಲಿ ದೇಶಕ್ಕೇ ಮೂರನೆಯದಾಗಿತ್ತು. ಜಾಮಿಯಾ ಹಮ್‌ದರ್ದ್ ಫಾರ್ಮಸಿ ವಿಭಾಗದಲ್ಲಿ ಹಲವು ವರ್ಷ ಮೊದಲ ಸ್ಥಾನ ಪಡೆದಿದೆ. "ನಮ್ಮವರ ಕಾಲೇಜು ಅಷ್ಟಕ್ಕಷ್ಟೇ" ಎಂದು ಮೂಗು ಮುರಿಯುವವರು ಇದನ್ನೂ ಗಮನಿಸಬೇಕು.

ನಂಬರಿಗಾಗಿ ಸುಳ್ಳು

ನಂಬರಿಗೆ ಬೆಲೆ ಬಂದಾಗ ನಂಬರನ್ನು ತಿದ್ದುವವರೂ ಹುಟ್ಟಿಕೊಳ್ಳುತ್ತಾರೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ 2021ರಲ್ಲಿ ಅಲ್ಲಿನ 'ಯು.ಎಸ್. ನ್ಯೂಸ್' ಪತ್ರಿಕೆಯ ಪಟ್ಟಿಯಲ್ಲಿ ಎರಡನೆಯ ಸ್ಥಾನ ಹಂಚಿಕೊಂಡಿತ್ತು. ಅದೇ ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕ ಮೈಕೆಲ್ ಥ್ಯಾಡಿಯಸ್ 2022ರ ಫೆಬ್ರವರಿಯಲ್ಲಿ ಲೆಕ್ಕಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ನಾವು ಕೊಟ್ಟ ಅಂಕಿಅಂಶಗಳು ಸರಿಯಿಲ್ಲ ಎಂದು ಬಹಿರಂಗವಾಗಿ ಬರೆದರು. ಕೆಲವು ಅಂಕಿಗಳು ತಪ್ಪಾಗಿದ್ದವೆಂದು ವಿಶ್ವವಿದ್ಯಾಲಯ ಒಪ್ಪಿಕೊಂಡಿತು. ಹೊಸ ಪಟ್ಟಿಯಲ್ಲಿ ಅದು 18ಕ್ಕೆ ಇಳಿಯಿತು. ತಾನು ಕೆಲಸ ಮಾಡುವ ಸಂಸ್ಥೆಯ ವಿರುದ್ಧವೇ ಸತ್ಯಕ್ಕೆ ಸಾಕ್ಷಿಯಾಗಿ ನಿಂತ ಆ ಅಧ್ಯಾಪಕರಂತಹವರು ಇರುವುದು ಕೂಡ ಒಂದು ವಿಶ್ವವಿದ್ಯಾಲಯದ ಹಿರಿಮೆಯಲ್ಲವೇ? ಆದರೆ ಅದನ್ನು ಅಳೆಯುವ ಕಾಲಂ ಯಾವ ಪಟ್ಟಿಯಲ್ಲೂ ಇಲ್ಲ.

ನಮ್ಮಲ್ಲೂ ಎಲ್ಲವೂ ಚೊಕ್ಕವಿಲ್ಲ. 2025ರ ಫೆಬ್ರವರಿಯಲ್ಲಿ, ಒಳ್ಳೆಯ ಗ್ರೇಡ್ ಕೊಡಲು ಲಂಚ ಪಡೆದ ಆರೋಪದ ಮೇಲೆ ನ್ಯಾಕ್ ಪರಿಶೀಲನಾ ತಂಡದ ಸದಸ್ಯರನ್ನೇ ಸಿಬಿಐ ಬಂಧಿಸಿತು. ಪಾರದರ್ಶಕತೆ ಇಲ್ಲವೆಂದು ಏಳು ಹಳೆಯ ಐಐಟಿಗಳು 2020ರಲ್ಲಿ ಟೈಮ್ಸ್ ಪಟ್ಟಿಯಿಂದ ದೂರ ಉಳಿಯುವುದಾಗಿ ಘೋಷಿಸಿದ್ದವು. ಹಾಗೆಂದು ಪಟ್ಟಿಗಳೆಲ್ಲ ಸುಳ್ಳೆನ್ನುವಂತಿಲ್ಲ. ಐನೂರನೆಯ ಸ್ಥಾನಕ್ಕೂ ಐದನೆಯ ಸ್ಥಾನಕ್ಕೂ ವ್ಯತ್ಯಾಸ ಖಂಡಿತ ಇದೆ. ಆದರೆ ಐದಕ್ಕೂ ಹದಿನೈದಕ್ಕೂ ಇರುವ ವ್ಯತ್ಯಾಸಕ್ಕಾಗಿ ಮನೆ ಮಾರುವವರು ಒಮ್ಮೆ ನಿಂತು ಯೋಚಿಸಬೇಕು.

ಅಣ್ಣನ ಸಾಲ, ತಂಗಿಯ ಸೀಟು

ಆ ಮನೆಯಲ್ಲಿ ಇನ್ನೊಂದು ನೋವು ಇತ್ತು. ನಾಲ್ಕು ವರ್ಷಗಳ ಹಿಂದೆ ಮಗನಿಗೆ ಹೆಸರಿನ ಕಾಲೇಜೇ ಬೇಕೆಂದು ಮ್ಯಾನೇಜ್‌ಮೆಂಟ್ ಸೀಟು ಕೊಂಡಿದ್ದರು. ಸಿಇಟಿಯಲ್ಲಿ ಅವನಿಗೆ ಇಷ್ಟದ ಶಾಖೆಯೇ ಬೇರೊಂದು ಕಾಲೇಜಿನಲ್ಲಿ ಸರಕಾರಿ ಶುಲ್ಕಕ್ಕೆ ಸಿಕ್ಕಿತ್ತು. "ಆ ಕಾಲೇಜಿನ ಹೆಸರು ಯಾರಿಗೆ ಗೊತ್ತು? ನಾಳೆ ಹುಡುಗಿ ಕೊಡುವವರು ಕೇಳಿದರೆ ಏನು ಹೇಳುವುದು?" ಎಂದು ನೆಂಟರು ಬಾಯಿ ಹಾಕಿದರು. ತಾಯಿಯ ಬಳೆ, ಸರ ಗಿರವಿಗೆ ಹೋದವು. ಉಳಿದದ್ದಕ್ಕೆ ಬಡ್ಡಿ ಸಾಲ. ಅಲ್ಲಾಹನು ನಿಷೇಧಿಸಿದ ಬಡ್ಡಿಯನ್ನು ಮನೆಯೊಳಗೆ ತಂದೆವಲ್ಲಾ ಎಂಬ ಸಂಕಟದಿಂದ ಆ ತಾಯಿ ಎಷ್ಟೋ ರಾತ್ರಿ ನಿದ್ದೆಗೆಟ್ಟಿದ್ದರು. ಹುಡುಗನಿಗೆ ಸಿಕ್ಕಿದ ಶಾಖೆ ಅವನಿಗೆ ಹಿಡಿಸಲಿಲ್ಲ, ಹೇಗೋ ಪಾಸಾದ. ಕಂತು ಇನ್ನೂ ತೀರಿಲ್ಲ.

ಆ ತಪ್ಪಿನ ಬೆಲೆ ತೆರಬೇಕಾದದ್ದು ಯಾರು? ಮಗಳು! "ಅಣ್ಣನಿಗೆ ಅಷ್ಟು ಸುರಿದದ್ದಾಯಿತು. ಇವಳು ಇಲ್ಲೇ ಹತ್ತಿರದ ಕಾಲೇಜಿಗೆ ಹೋಗಲಿ, ನಡೆದು ಹೋಗಿ ನಡೆದು ಬರಬಹುದು" ಎಂದು ತಂದೆ ಅದಾಗಲೇ ಮನಸ್ಸು ಮಾಡಿದ್ದರು. ನಮ್ಮ ಎಷ್ಟು ಮನೆಗಳಲ್ಲಿ ಹೀಗಿಲ್ಲ! ಮಗನ ಕಾಲೇಜನ್ನು ರ‍್ಯಾಂಕಿಂಗ್ ನೋಡಿ ಆರಿಸುತ್ತೇವೆ, ಮಗಳ ಕಾಲೇಜನ್ನು ಬಸ್ ಸ್ಟಾಪ್ ನೋಡಿ ಆರಿಸುತ್ತೇವೆ. ಎರಡೂ ಅತಿರೇಕವೇ.

ಅಂಕಿಅಂಶಗಳನ್ನು ನೋಡಿ. ಉತ್ತಮ ದರ್ಜೆಯ ಕಾಲೇಜುಗಳ ಪದವಿ ವಿದ್ಯಾರ್ಥಿಗಳಲ್ಲಿ 25ಕ್ಕೆ ಒಬ್ಬರು, ಸ್ನಾತಕೋತ್ತರದಲ್ಲಿ 50ಕ್ಕೆ ಒಬ್ಬರು ಮಾತ್ರ ಮುಸ್ಲಿಮರು ಎಂದು 2006ರ ಸಾಚಾರ್ ಸಮಿತಿ ವರದಿ ಹೇಳಿತ್ತು. ಕೇಂದ್ರ ಸರಕಾರದ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2019-20ರಲ್ಲಿ ದೇಶದಲ್ಲಿ ಸುಮಾರು 21 ಲಕ್ಷ ಮುಸ್ಲಿಮ್ ವಿದ್ಯಾರ್ಥಿಗಳಿದ್ದರು. 2020-21ರಲ್ಲಿ ಅದು ಸುಮಾರು 19.2 ಲಕ್ಷಕ್ಕೆ ಇಳಿಯಿತು. ಒಟ್ಟು ವಿದ್ಯಾರ್ಥಿಗಳಲ್ಲಿ ಅವರ ಪಾಲು ಶೇ. 4.6 ಮಾತ್ರ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಣ್ಮಕ್ಕಳು ಎಂಬುದೊಂದೇ ಸಂತೋಷದ ಸಂಗತಿ. ದೊಡ್ಡ ಸಂಸ್ಥೆಯ ಬಾಗಿಲು ತಟ್ಟಿ ತೆರೆಸಿಕೊಂಡ ಹುಡುಗಿಯನ್ನು ನಾವೇ ಹಿಂದಕ್ಕೆ ಕರೆಯುವುದು ನ್ಯಾಯವೇ?

ದೊಡ್ಡ ಹೆಸರು ಯಾರಿಗೆ ಹೆಚ್ಚು ಬೇಕು?

ಅಮೆರಿಕದ ಅರ್ಥಶಾಸ್ತ್ರಜ್ಞರಾದ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 1976ರಲ್ಲಿ ಕಾಲೇಜು ಸೇರಿದವರ ಮುಂದಿನ ಗಳಿಕೆಯನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದರು. ಸಮಾನ ಪ್ರತಿಭೆಯ ವಿದ್ಯಾರ್ಥಿಗಳಲ್ಲಿ, ಕಠಿಣ ಪ್ರವೇಶದ ಹೆಸರಾಂತ ಕಾಲೇಜಿಗೆ ಹೋದವರಿಗೂ, ಅಂತಹದೇ ಕಡೆ ಸೀಟು ಸಿಕ್ಕಿಯೂ ಸಾಧಾರಣ ಕಾಲೇಜಿಗೆ ಹೋದವರಿಗೂ ಸಂಪಾದನೆಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಚುರುಕಾದ ಮಗು ಎಲ್ಲಿದ್ದರೂ ಬೆಳೆಯುತ್ತದೆ ಎಂದಾಯಿತು. ಆದರೆ ಒಂದು ಅಪವಾದ ಇತ್ತು. ಬಡ ಕುಟುಂಬದಿಂದ ಬಂದ ಮಕ್ಕಳಿಗೆ ಹೆಸರಾಂತ ಕಾಲೇಜಿನಿಂದ ನಿಜಕ್ಕೂ ಲಾಭವಾಗಿತ್ತು.

ಕಾರಣ ಊಹಿಸುವುದು ಕಷ್ಟವಲ್ಲ. ಉಳ್ಳವರ ಮಕ್ಕಳಿಗೆ ಪರಿಚಯಸ್ಥರು, ದಾರಿ ತೋರುವವರು ಮನೆಯಲ್ಲೇ ಇರುತ್ತಾರೆ. ಕಟಿಂಗ್ ಮಾಸ್ಟರನ ಮಗಳಿಗೆ ಆ ಬಳಗ ಸಿಗುವುದು ಕಾಲೇಜಿನಲ್ಲೇ. ದೂರದ ಅಮೆರಿಕದ ಲೆಕ್ಕ ನಮಗೆ ಹಾಗೆಯೇ ಅನ್ವಯಿಸುತ್ತದೆ ಎನ್ನಲಾಗದು. ಆದರೂ ಬಡ ಮನೆಯ ಮಗಳಿಗೆ ಕಡಿಮೆ ಖರ್ಚಿನಲ್ಲಿ ದೊಡ್ಡ ಸಂಸ್ಥೆಯ ಸೀಟು ಸಿಕ್ಕಿದರೆ ಅದನ್ನು ಹಗುರವಾಗಿ ಬಿಡಬಾರದು ಎಂಬಷ್ಟು ಪಾಠ ಇದರಲ್ಲಿದೆ.

ಹೆಣ್ಮಕ್ಕಳ ಪಾಲಿಗೆ ದೊಡ್ಡ ಸಂಸ್ಥೆಗಳು ಯಾವಾಗಲೂ ಉದಾರವಾಗಿದ್ದವು ಎಂದೂ ಅಲ್ಲ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಪ್ರಥಮ ಬಂದ ಕಮಲಾ ಎಂಬ ತರುಣಿ ಇದೇ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣಕ್ಕೆ ಸರ್ ಸಿ.ವಿ. ರಾಮನ್ ಅವರು ನಿರಾಕರಿಸಿದ್ದರು. ಆಕೆ ಪಟ್ಟು ಬಿಡಲಿಲ್ಲ. ಒಂದು ವರ್ಷ ಪರೀಕ್ಷಾರ್ಥವಾಗಿ ಎಂಬ ಷರತ್ತಿನ ಮೇಲೆ ಪ್ರವೇಶ ಸಿಕ್ಕಿತು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದ ಅವರು 1939ರಲ್ಲಿ ಕೇಂಬ್ರಿಜ್‌ನಿಂದ ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆಯಾದರು. ಅವರ ನಂತರ ಆ ಸಂಸ್ಥೆಯ ಬಾಗಿಲು ಇತರ ಹೆಣ್ಮಕ್ಕಳಿಗೂ ತೆರೆಯಿತು.

ಎಲ್ಲಿ ಕಲಿತೆ, ಯಾರ ಬಳಿ ಕಲಿತೆ?

ನಮ್ಮ ಪರಂಪರೆಯಲ್ಲಿ ವಿದ್ಯಾರ್ಥಿಯನ್ನು ಕೇಳುತ್ತಿದ್ದ ಪ್ರಶ್ನೆಯೇ ಬೇರೆ. ಯಾವ ಮದ್ರಸ ಎಂಬುದಕ್ಕಿಂತ ಯಾವ ಉಸ್ತಾದರು ಎಂಬುದು ಮುಖ್ಯವಾಗಿತ್ತು. 'ಇಜಾಝ' ಎಂಬ ಅನುಮತಿ ಪತ್ರವನ್ನು ಕೊಡುತ್ತಿದ್ದವರು ಗುರುಗಳೇ ಹೊರತು ಕಟ್ಟಡವಲ್ಲ. ಹನ್ನೊಂದನೆಯ ಶತಮಾನದಲ್ಲಿ ಮಕ್ಕಾದಲ್ಲಿ ಕರೀಮಾ ಅಲ್ ಮರ್ವಝಿಯ್ಯಾ ಎಂಬ ವಿದುಷಿ ಸಹೀಹುಲ್ ಬುಖಾರಿಯನ್ನು ಕಲಿಸುತ್ತಿದ್ದರು. ಬಗ್ದಾದಿನ ಪ್ರಸಿದ್ಧ ವಿದ್ವಾಂಸ ಖತೀಬ್ ಅಲ್ ಬಗ್ದಾದಿ ಅವರ ಮುಂದೆ ಕುಳಿತು ಕಲಿತರು. ಮೊರೊಕ್ಕೊದ ಫೆಝ್ ನಗರದಲ್ಲಿ ಕ್ರಿ.ಶ. 859ರಲ್ಲಿ ಅಲ್ ಕರವಿಯ್ಯೀನ್ ವಿದ್ಯಾಕೇಂದ್ರಕ್ಕೆ ಬುನಾದಿ ಹಾಕಿದವರು ಫಾತಿಮಾ ಅಲ್ ಫಿಹ್ರಿ ಎಂಬ ಮಹಿಳೆ ಎಂದು ಪ್ರತೀತಿ. ಪ್ರವಾದಿಯವರು(ಸ) ಪ್ರಯೋಜನಕಾರಿ ಜ್ಞಾನಕ್ಕಾಗಿ ಪ್ರಾರ್ಥಿಸುತ್ತಿದ್ದರು ಎಂಬುದನ್ನು ನಾವೆಲ್ಲ ಕೇಳಿದ್ದೇವೆ. ಕಾಲೇಜು ಆರಿಸುವಾಗಲೂ ಅದೇ ಅಳತೆಗೋಲು ಇರಲಿ: ಈ ನಾಲ್ಕು ವರ್ಷದಲ್ಲಿ ನನ್ನ ಮಗು ನಿಜಕ್ಕೂ ಕಲಿಯುವುದೇನು, ಯಾರಿಂದ?

ತಾಯಂದಿರು ಕೇಳಬೇಕಾದ ಪ್ರಶ್ನೆಗಳು

ಮೊದಲನೆಯದಾಗಿ, ಯಾವ ಪಟ್ಟಿ, ಯಾವ ವಿಭಾಗ, ಯಾವ ವರ್ಷ ಎಂದು ಕೇಳಿ. ಕಾಲೇಜಿನ ಒಟ್ಟು ಸ್ಥಾನಕ್ಕಿಂತ ಮಗಳು ಓದುವ ವಿಷಯದಲ್ಲಿ ಅದರ ಸ್ಥಾನ ಮುಖ್ಯ.

ಎರಡನೆಯದಾಗಿ, ಸ್ಥಾನದ ಹಿಂದಿನ ಕಾಗದ ಓದಿಸಿ. ಎನ್‌ಐಆರ್‌ಎಫ್‌ಗೆ ಕೊಟ್ಟ ಮಾಹಿತಿಯನ್ನು ಸಂಸ್ಥೆಗಳು ತಮ್ಮ ಜಾಲತಾಣದಲ್ಲಿ ಹಾಕಬೇಕು. ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಎಷ್ಟು ಮಂದಿ ಮುಂದೆ ಓದಲು ಹೋದರು, ಹುಡುಗಿಯರು ಎಷ್ಟು, ಪೂರ್ತಿ ಶುಲ್ಕ ವಿನಾಯಿತಿ ಎಷ್ಟು ಮಂದಿಗೆ ಎಂಬುದೆಲ್ಲ ಅದರಲ್ಲಿರುತ್ತದೆ. ಸಂಬಳದ ಸರಾಸರಿಗೆ ಮರುಳಾಗಬೇಡಿ. ಹತ್ತು ಮಂದಿಯಲ್ಲಿ ಒಬ್ಬನಿಗೆ 50 ಲಕ್ಷ, ಒಂಬತ್ತು ಮಂದಿಗೆ 4 ಲಕ್ಷ ಸಿಕ್ಕರೆ ಸರಾಸರಿ 8.6 ಲಕ್ಷ! ಆದರೆ ಸಾಲಿನ ನಡುವೆ ನಿಂತವನಿಗೆ ಸಿಕ್ಕಿದ್ದು 4 ಲಕ್ಷವೇ. ಆ ನಡುವಿನ ಸಂಬಳವನ್ನೇ 'ಮೀಡಿಯನ್' ಎನ್ನುತ್ತಾರೆ, ಅದನ್ನು ಕೇಳಿ.

ಮೂರನೆಯದಾಗಿ, ನಾಲ್ಕು ವರ್ಷದ ಒಟ್ಟು ಖರ್ಚು ಬರೆದಿಡಿ. ಶುಲ್ಕ, ಹಾಸ್ಟೆಲ್, ಊಟ, ಪ್ರಯಾಣ ಎಲ್ಲ ಸೇರಿಸಿ. ಸಿಇಟಿಯಲ್ಲಿ ಮುಸ್ಲಿಮರಿಗಿರುವ 2ಬಿ ಮೀಸಲಾತಿ ಶೇ. 4. 2023ರ ಮಾರ್ಚ್‌ನಲ್ಲಿ ಅಂದಿನ ಸರಕಾರ ಅದನ್ನು ರದ್ದುಪಡಿಸಲು ಹೊರಟರೂ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ಆ ಆದೇಶ ಜಾರಿಗೆ ಬರಲಿಲ್ಲ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿಡಿ. ಕೇಂದ್ರದ ಸಂಸ್ಥೆಗಳಿಗೆ ಬೇರೆ ನಮೂನೆ ಬೇಕು. ಬಡ್ಡಿ ಸಾಲಕ್ಕೆ ಕೈ ಹಾಕುವ ಮುನ್ನ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಯೋಜನೆಯನ್ನೂ, ಸಂಸ್ಥೆಯ ಸ್ವಂತ ವಿದ್ಯಾರ್ಥಿವೇತನವನ್ನೂ ವಿಚಾರಿಸಿ.

ನಾಲ್ಕನೆಯದಾಗಿ, ಸಿಇಟಿಯ ಆಪ್ಷನ್ ಎಂಟ್ರಿಯನ್ನು ಸೈಬರ್ ಅಂಗಡಿಯವನಿಗೆ ಬಿಟ್ಟುಬಿಡಬೇಡಿ. ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತಾ ನಿಮ್ಮ ರ‍್ಯಾಂಕಿಗೆ ಮೊದಲು ಸಿಗುವ ಸೀಟನ್ನು ಕೊಡಲಾಗುತ್ತದೆ. ನಿಜವಾಗಿ ಬೇಕಾದದ್ದನ್ನು ಮೇಲೆ ಬರೆದರೆ ನಷ್ಟವಿಲ್ಲ. ಬೇಡದ್ದನ್ನು ಮೇಲೆ ಬರೆದರೆ ಅದೇ ಗಂಟು ಬೀಳುತ್ತದೆ.

ಐದನೆಯದಾಗಿ, ಹೋಗಿ ನೋಡಿ. ಹಾಸ್ಟೆಲಿನ ನಿಯಮ, ಸಂಜೆ ಬರುವ ದಾರಿ, ನಮಾಝಿಗೆ ಅನುಕೂಲ, ಉಡುಪಿನ ನಿಯಮ ಎಲ್ಲವನ್ನೂ ಸಂಕೋಚವಿಲ್ಲದೆ ಕೇಳಿ. 2022ರ ಹಿಜಾಬ್ ವಿವಾದದ ನಂತರ ಈ ಪ್ರಶ್ನೆ ನಮ್ಮ ಮನೆಗಳಲ್ಲಿ ಎಷ್ಟು ದೊಡ್ಡದೆಂದು ಹೇಳಬೇಕಿಲ್ಲ. ಅಲ್ಲಿ ಓದುತ್ತಿರುವ ಹುಡುಗಿಯರನ್ನೇ ಮಾತಾಡಿಸಿದರೆ ಪಟ್ಟಿ ಹೇಳದ ಎಷ್ಟೋ ವಿಷಯ ತಿಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಮಗುವನ್ನು ಕೇಳಿ. ಮಶ್ವರಾ ಎಂದರೆ ಮನೆಯ ದೊಡ್ಡವರಷ್ಟೇ ಕೂತು ಮಾತಾಡುವುದಲ್ಲ.

ಆ ತಾಯಿ ಮಾಡಿದ್ದು

ಮರುದಿನ ಆ ತಾಯಿ ಹೊಲಿಗೆ ಬದಿಗಿಟ್ಟು ಮಗಳೊಂದಿಗೆ ಎರಡೂ ಕಡೆ ಹೋಗಿ ಬಂದರು. ಎರಡು ಕಡೆಯ ಖರ್ಚನ್ನು ಮಗಳಿಂದ ನೋಟ್‌ಬುಕ್ಕಿನಲ್ಲಿ ಬರೆಸಿದರು. ಐಐಎಸ್‌ಸಿಯ ಶುಲ್ಕ ಕಡಿಮೆ, ವಾಸ ಅಲ್ಲೇ ಹಾಸ್ಟೆಲಿನಲ್ಲಿ. ಆದರೆ ಓದು ಮುಗಿಸಿದ ಕೂಡಲೇ ಕೆಲಸ ಎಂಬ ಭರವಸೆ ಇಲ್ಲ. ಸಂಶೋಧನೆಯ ದಾರಿ ಉದ್ದ. ಇಂಜಿನಿಯರಿಂಗ್‌ನಲ್ಲಿ ಖರ್ಚು ಹೆಚ್ಚು, ಕೆಲಸ ಬೇಗ. ಇದು ಸುಲಭದ ಆಯ್ಕೆಯಾಗಿರಲಿಲ್ಲ. ಮನೆಗೆ ದುಡಿಯುವ ಕೈ ಬೇಗ ಬೇಕಿತ್ತು.

ರಾತ್ರಿ ಇಶಾ ನಮಾಝಿನ ನಂತರ ತಾಯಿ ಕೇಳಿದರು: "ಬೇಟಿ, ನಂಬರ್ ಬಿಡು. ಬೆಳಿಗ್ಗೆ ಎದ್ದಾಗ ಯಾವ ಪುಸ್ತಕ ತೆರೆಯಲು ಮನಸ್ಸಾಗುತ್ತದೆ?"

"ಕೆಮಿಸ್ಟ್ರಿ, ಅಮ್ಮೀ."

ತಾಯಿ ಮಗಳಿಬ್ಬರೂ ಇಸ್ತಿಖಾರಾ ಮಾಡಿದರು. ತಂದೆಯನ್ನು ಒಪ್ಪಿಸಲು ಮೂರು ದಿನ ಹಿಡಿಯಿತು. "ಮಗನ ಸಾಲ ನಾನು ಹೊಲಿದು ತೀರಿಸುತ್ತೇನೆ. ಅದಕ್ಕೆ ಮಗಳ ಓದನ್ನು ಅಡವಿಡುವುದು ಬೇಡ" ಎಂದರಂತೆ ಆಕೆ. ಅದಕ್ಕೆ ಅವರ ಬಳಿ ಮಾತಿರಲಿಲ್ಲ. ಕಂಪ್ಯೂಟರ್ ಸೈನ್ಸ್ ಸೀಟು ಬಿಟ್ಟು ಹುಡುಗಿ ಐಐಎಸ್‌ಸಿ ಸೇರಿದಳು.

2025ರ ಆಗಸ್ಟ್ 10ರಂದು ನಮ್ಮ ಹೊಸೂರು ರಸ್ತೆಯ ಹಳದಿ ಮೆಟ್ರೋ ಶುರುವಾಯಿತು. ಈಗ ಶನಿವಾರ ಬಂತೆಂದರೆ ಆ ಹುಡುಗಿ ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಬಂದು, ರೈಲು ಬದಲಿಸಿ ಬೊಮ್ಮನಹಳ್ಳಿ ಸ್ಟೇಷನ್ನಿನಲ್ಲಿ ಇಳಿಯುತ್ತಾಳೆ. ಮೆಟ್ಟಿಲ ಕೆಳಗೆ ತಾಯಿ ಕಾಯುತ್ತಿರುತ್ತಾರೆ. ಮುಂದೆ ಅವಳು ಏನಾಗುತ್ತಾಳೋ ಅಲ್ಲಾಹನೇ ಬಲ್ಲ. ಮೊನ್ನೆ ಸಿಕ್ಕಿದಾಗ ಆ ತಾಯಿಯನ್ನು ಕೇಳಿದೆ, "ಕಾಲೇಜು ಹೇಗಿದೆಯಂತೆ?" ನಂಬರಿನ ಮಾತು ಅವರ ಬಾಯಲ್ಲಿ ಬರಲಿಲ್ಲ. "ಅಲ್ಲಿಯ ಟೀಚರುಗಳು ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಾರಂತೆ ಬಾಜಿ. ಆಮೇಲೆ, ಬಾ ಹುಡುಕೋಣ ಅನ್ನುತ್ತಾರಂತೆ" ಎಂದು ನಕ್ಕರು.

ನಮ್ಮ ಮಕ್ಕಳಿಗೆ ಅಂತಹ ಗುರುಗಳು ಸಿಗಲಿ, ಅವರ ಕಲಿಕೆ ಮನೆಗೂ ನಾಡಿಗೂ ಪ್ರಯೋಜನವಾಗಲಿ. ಆಮೀನ್.